ಬಸ್ಸಿನಲ್ಲಿ ಹೋಗಿ ಮಂಜೇಶ್ವರ ನೋಡಿ ಬನ್ನಿ

ರಜೆ ಸಿಕ್ಕಿದರೆ ನಾವು ಕಾಸರಗೋಡಿನವರು ಬೇಕಲಕ್ಕೆ ಹೋಗುತ್ತೇವೆ, ಇಲ್ಲದಿದ್ದರೆ ಮಂಗಳೂರಿಗೆ. ಮಂಜೇಶ್ವರ ಮಂಗಳೂರಿನ ದಾರಿಯಲ್ಲಿ ಸಿಗುವ ಊರು, ಅಷ್ಟೇ. ಅಂಗಡಿಗೆ ಬಟ್ಟೆ ತರಲು ಹೋಗುವಾಗ ನಾನೂ ಹತ್ತು ವರ್ಷ ಅದನ್ನು ಸುಮ್ನೆ ದಾಟಿದ್ದೇನೆ. ಕಳೆದ ವರ್ಷ ಅಕ್ಕನ ಮಗಳನ್ನು ಕರೆದುಕೊಂಡು ಮೊದಲ ಸಲ ಇಳಿದೆ. ಆಮೇಲೆ ಮೂರು ಸಲ ಹೋಗಿ ಬಂದೆ.

ಬೆಳಿಗ್ಗೆ ಎಂಟೂವರೆಗೆ ಕಾಸರಗೋಡಿನಿಂದ ಹೊರಡಿ. ಮಂಗಳೂರು ಬಸ್ಸುಗಳು ಜಾಸ್ತಿ ಇವೆ, ಕೇರಳದ್ದೂ ಕರ್ನಾಟಕದ್ದೂ. ಮಂಜೇಶ್ವರ ಸುಮಾರು 30 ಕಿ.ಮೀ. ಹತ್ತುವಾಗಲೇ ಎಲ್ಲಿ ಇಳಿಯಬೇಕೆಂದು ಕಂಡಕ್ಟರಲ್ಲಿ ಹೇಳಿಡಿ. ಹೈವೇ ಅಗಲವಾದ ಮೇಲೆ ಸ್ಟಾಪ್‌ಗಳು ಸರ್ವಿಸ್ ರಸ್ತೆಗೆ ಬಂದಿವೆ. ಮೊದಲ ಸಲ ನಾನು ಹೇಳಿರಲಿಲ್ಲ. ತುಂಬಾ ಮುಂದೆ ಹೋಗಿ ಇಳಿದು, ಮಗುವಿನ ಕೈ ಹಿಡಿದು ಬಿಸಿಲಲ್ಲಿ ವಾಪಸ್ ನಡೆಯಬೇಕಾಯಿತು.

ಎಡಗಡೆಯ ಕಿಟಕಿ ಹಿಡಿಯಿರಿ. ಬೆಳಗಿನ ಬಿಸಿಲು ಬಲಕ್ಕೆ ಬೀಳುತ್ತದೆ, ಸಮುದ್ರ ಇರುವುದು ಎಡಕ್ಕೆ. ಮೊಗ್ರಾಲ್, ಶಿರಿಯ, ಉಪ್ಪಳ ಅಂತ ಒಂದೊಂದೇ ಹೊಳೆ ಬರುತ್ತದೆ. ಸೇತುವೆಯ ಮೇಲೆ ಬಸ್ಸು ಹೋಗುವಾಗ ತೆಂಗಿನ ತೋಟದ ನಡುವೆ ನೀರು ಹೊಳೆಯುವುದು ಕಾಣುತ್ತದೆ. ಮಂಜೇಶ್ವರ ಹೊಳೆಯ ಉದ್ದ ಬರೀ 16 ಕಿ.ಮೀ. ಕೇರಳದಲ್ಲೇ ಅತಿ ಚಿಕ್ಕ ಹೊಳೆ ಅದು.

ಮಕ್ಕಳಿದ್ದರೆ ದಾರಿಯುದ್ದಕ್ಕೂ ಬೋರ್ಡ್ ಓದಿಸಿ. ನಮ್ಮ ಹುಡುಗಿಗೆ ಶಾಲೆಯಲ್ಲಿ ಮಲಯಾಳ, ಮನೆಯಲ್ಲಿ ತುಳು. ಕನ್ನಡ ಅಕ್ಷರ ಗೊತ್ತು, ಕೂಡಿಸಿ ಓದುವಾಗ ತಡವರಿಸುತ್ತಾಳೆ. ‘ಕುಂಬಳೆ’ ಓದಿದಳು. ‘ಬಂದಿಯೋಡು’ ಬಂದಾಗ ‘ಡು’ವಿನ ಹತ್ತಿರ ನಿಂತುಬಿಟ್ಟಳು. ಬೆರಳಿನಿಂದ ಕಿಟಕಿಯ ಗಾಜಿನ ಮೇಲೆ ಆ ಕೊಂಬನ್ನು ಬರೆದು ನೋಡಿ, ಆಮೇಲೆ ಜೋರಾಗಿ ಹೇಳಿದಳು. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ ನಕ್ಕರು.

ಇಳಿದ ಮೇಲೆ ಮೊದಲು ಗಿಳಿವಿಂಡುವಿಗೆ ಹೋಗಿ. ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಅದು, ಈಗ ಸ್ಮಾರಕ. 1930ರಲ್ಲಿ ಬಂದ ಅವರ ಮೊದಲ ಕವನ ಸಂಕಲನದ ಹೆಸರನ್ನೇ ಇಟ್ಟಿದ್ದಾರೆ. ಆಟೋದವರಲ್ಲಿ ‘ಗೋವಿಂದ ಪೈ ಮನೆ’ ಎಂದರೆ ಸಾಕು. ಇಲ್ಲಿ ಅವಸರ ಮಾಡಬೇಡಿ. ಪೈಗಳ ಮನೆಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿ, ಕಲಿತ ಭಾಷೆಗಳಂತೂ ಹತ್ತಾರು. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಪಪೈರಸ್ ಹಾಳೆಯೊಂದರಲ್ಲಿ ಹಳೆಯ ಗ್ರೀಕ್ ನಾಟಕವಿದೆ. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವೇ ಎಂದು ವಿದ್ವಾಂಸರು ಚರ್ಚಿಸಿದಾಗ ಪೈಗಳೂ ಅದರ ಬಗ್ಗೆ ಬರೆದರು. ಮೆಡಿಟರೇನಿಯನ್ ಕಡೆಯ ಆ ನಾಟಕದ ಬಗ್ಗೆ ಈ ಸಣ್ಣ ಊರಿನಲ್ಲಿ ಕೂತು ಯೋಚಿಸಿದವರು ಇದ್ದರಲ್ವಾ! ಹುಡುಗಿಗೆ ಅದನ್ನು ಹೇಳುವಾಗ ನನಗೇ ಮೈ ಜುಮ್ಮೆಂದಿತು. 1949ರಲ್ಲಿ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು.

ಅನಂತೇಶ್ವರ ದೇವಸ್ಥಾನಕ್ಕೆ ಹೋಗುವುದಾದರೆ ಮಧ್ಯಾಹ್ನದ ಪೂಜೆಗೆ ಮೊದಲೇ ಹೋಗಿ. ಚಂಪಾಷಷ್ಠಿಯ ಹೊತ್ತಿಗೆ ಜಾತ್ರೆಯ ಗದ್ದಲ ಇರುತ್ತದೆ. ಜಾತ್ರೆ ಬೇಕಾದವರು ಆಗಲೇ ಬನ್ನಿ, ಮೌನ ಬೇಕಾದವರು ಆ ವಾರ ಬಿಡಿ. ಬಂಗ್ರ ಮಂಜೇಶ್ವರದಲ್ಲಿ ಹಳೆಯ ಜೈನ ಬಸದಿಗಳಿವೆ, ಸಮಯ ಇದ್ದರೆ ನೋಡಿ.

ಊಟಕ್ಕೆ ನಾನು ಬುತ್ತಿ ಒಯ್ಯುತ್ತೇನೆ. ಪುಂಡಿ (ಅಕ್ಕಿಯ ಕಡುಬು), ಒಣ ಚಟ್ನಿ, ಒಂದು ಬಾಟಲಿ ಮಜ್ಜಿಗೆ ನೀರು. ಇದು ಬಿಸಿಲಿಗೂ ಹಾಳಾಗುವುದಿಲ್ಲ. ದಾರಿಯಲ್ಲಿ ಬೊಂಡ (ಎಳನೀರು) ಸಿಕ್ಕಿದರೆ ಕುಡಿಯಿರಿ.

ಕಣ್ವತೀರ್ಥದ ಕಡಲಿಗೆ ನಾಲ್ಕು ಗಂಟೆಯ ಮೇಲೆ ಹೋಗಿ, ಅದಕ್ಕೆ ಮೊದಲು ಮರಳು ಕಾಲು ಸುಡುತ್ತದೆ. ಆಟೋದವರಲ್ಲಿ ವಾಪಸ್ ಬರುವ ಹೊತ್ತನ್ನೂ ಮಾತಾಡಿಕೊಳ್ಳಿ, ಅಲ್ಲಿ ನಿಂತು ಆಟೋ ಹುಡುಕುವುದು ಕಷ್ಟ. ನೀರಿಗೆ ಮೊಣಕಾಲಿನವರೆಗೆ ಇಳಿದರೆ ಸಾಕು. ನಮ್ಮ ಕಡಲು ಸೌಮ್ಯವಾಗಿ ಕಂಡರೂ ಕಾಲಡಿಯ ಮರಳನ್ನು ಸರಕ್ಕನೆ ಎಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅಲೆಯ ಹತ್ತಿರವೇ ಹೋಗಬೇಡಿ. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಮೇ ತಿಂಗಳಲ್ಲಿ ಏಳರ ಹತ್ತಿರ. ಅದನ್ನು ನೋಡಿಕೊಂಡು ಹೊರಡುವ ಸಮಯ ಹಾಕಿ.

ಕಾಲು ತೊಳೆಯಲು ಒಂದು ಬಾಟಲಿ ನೀರು ಬೇರೆಯೇ ಇರಲಿ. ವಾಪಸ್ ಬಸ್ಸಿಗೆ ಹೈವೇಯ ಇನ್ನೊಂದು ಬದಿಗೆ ಹೋಗಬೇಕು. ಬೇಲಿ ಹಾರಬೇಡಿ, ಅಂಡರ್‌ಪಾಸ್ ಎಲ್ಲಿದೆಯೆಂದು ಬೆಳಿಗ್ಗೆಯೇ ನೋಡಿಡಿ. ಕತ್ತಲಾದ ಮೇಲೆ ಲೈಟು ಕಣ್ಣಿಗೆ ಹೊಡೆದು ಬೋರ್ಡ್ ಕಾಣುವುದಿಲ್ಲ, ಬಸ್ಸು ಹತ್ತಿರ ಬರುವಾಗ ಸ್ವಲ್ಪ ಪಕ್ಕಕ್ಕೆ ನಿಂತು ನೋಡಿ. ಹುಡುಗಿ ಹಾಗೆ ನಿಂತು, ‘ಚಿಕ್ಕಮ್ಮಾ, ಕಾಸರಗೋಡು!’ ಎಂದು ಕೈ ಅಡ್ಡ ಹಿಡಿದಳು. ಬಸ್ಸು ನಿಂತಿತು.