ಬೇಸಿಗೆಯಲ್ಲಿ ಸಿಸ್ಟಾಟಿನ್ ಸಿ ಅಳೆಯುವುದು ಹೇಗೆ?

ಕಿಡ್ನಿ ಹೇಗಿದೆ ಎಂದು ತಿಳಿಯಲು ಸಾಮಾನ್ಯವಾಗಿ ರಕ್ತದ ಕ್ರಿಯಾಟಿನಿನ್ (ಮಾಂಸಖಂಡದಿಂದ ಬರುವ ತ್ಯಾಜ್ಯ) ನೋಡುತ್ತಾರೆ. ಆದರೆ ಅದು ಮೈಯ ಮಾಂಸಖಂಡಕ್ಕೆ ತಕ್ಕಂತೆ ಏರಿಳಿಯುತ್ತದೆ. ಸೊರಗಿದ ಅಜ್ಜಿಯ ಕಿಡ್ನಿ ಸೋತಿದ್ದರೂ ವರದಿ ಸರಿಯಾಗಿಯೇ ಕಾಣಬಹುದು. ಅಂಥಲ್ಲಿ ಸಿಸ್ಟಾಟಿನ್ ಸಿ ನೆರವಾಗುತ್ತದೆ. ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ಪುಟ್ಟ ಪ್ರೋಟೀನ್ ಇದು. ಕಿಡ್ನಿ ಇದನ್ನು ಸೋಸುವುದು ಕಡಿಮೆಯಾದರೆ ರಕ್ತದಲ್ಲಿ ಜಾಸ್ತಿಯಾಗುತ್ತದೆ.

ಕಲಬುರಗಿಯಲ್ಲಿ ಜೀವರಸಾಯನಶಾಸ್ತ್ರ ಓದುವವರ ಕೈಗೆ ಸಿಗುವುದು 96 ಗುಳಿಗಳ ಪ್ಲೇಟಿರುವ ಎಲೈಸಾ ಕಿಟ್. ಒಂದೇ ಪ್ರೋಟೀನನ್ನು ಗುರುತಿಸಿ ಹಿಡಿಯುವ ಆ್ಯಂಟಿಬಾಡಿ ಬಳಸಿ, ಮೂಡುವ ಬಣ್ಣದಿಂದ ಪ್ರಮಾಣ ಅಳೆಯುವ ವಿಧಾನವಿದು. ಪಾರ್ಸೆಲ್ ಬಂದ ಕೂಡಲೇ ಜೆಲ್ ಪ್ಯಾಕ್ ಇನ್ನೂ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, 2ರಿಂದ 8 ಡಿಗ್ರಿಯ ಫ್ರಿಜ್‌ಗೆ ಸೇರಿಸಿ. ಪರೀಕ್ಷೆಯ ದಿನ ಪ್ಲೇಟಿನ ಚೀಲವನ್ನು ಹೊರಗಿಟ್ಟು, ತಣ್ಣಗಿರುವುದು ಹೋದ ಮೇಲಷ್ಟೇ ಬಿಚ್ಚಿ. ಇಲ್ಲದಿದ್ದರೆ ಗುಳಿಗಳಲ್ಲಿ ನೀರಹನಿ ಕೂರುತ್ತದೆ.

ಈಗ ಮುಖ್ಯ ವಿಷಯ. ಕೈಪಿಡಿ ಹೇಳುವ ಕೋಣೆಯ ತಾಪ ಸುಮಾರು 20ರಿಂದ 25 ಡಿಗ್ರಿ. ಮೇ ತಿಂಗಳಲ್ಲಿ ಇಲ್ಲಿ ಹೊರಗೆ 40 ದಾಟುತ್ತದೆ, ಎಸಿ ಇಲ್ಲದ ಲ್ಯಾಬ್ ಒಳಗೂ ಸೆಕೆಯೇ. ಸೆಕೆಯಲ್ಲಿ ಬಣ್ಣ ಬೇಗ ಏರುತ್ತದೆ. ಅಂಚಿನ ಗುಳಿಗಳು ಬೇಗ ಆರಿ, ನಡುವಿನವಕ್ಕಿಂತ ಬೇರೆ ಅಂಕಿ ಕೊಡುತ್ತವೆ. ಆದ್ದರಿಂದ ಎಸಿ ಕೋಣೆಯಲ್ಲೇ ಮಾಡಿ, ಪ್ಲೇಟಿಗೆ ಅಂಟುಹಾಳೆ ಮುಚ್ಚಿ. ನಿನ್ನೆಯ ಸ್ಟ್ಯಾಂಡರ್ಡ್ (ಪ್ರಮಾಣ ಮೊದಲೇ ಗೊತ್ತಿರುವ ಸಿಸ್ಟಾಟಿನ್ ಸಿ) ಗ್ರಾಫನ್ನು ಇಂದು ಬಳಸಲೇಬೇಡಿ. ಅದೇ ಪ್ಲೇಟಿನಲ್ಲಿ, ಅದೇ ಸೆಕೆಯಲ್ಲಿ ಓಡಿದ ಸ್ಟ್ಯಾಂಡರ್ಡ್ ಮಾತ್ರ ನಿಮ್ಮ ಸ್ಯಾಂಪಲ್‌ಗೆ ಸರಿಯಾದ ಅಳತೆಗೋಲು.

ಸ್ಟ್ಯಾಂಡರ್ಡ್ ಪುಡಿ ಕರಗಿಸುವಾಗ ಕುಲುಕಿ ನೊರೆ ಎಬ್ಬಿಸಬೇಡಿ. ಪ್ರತಿ ಸಲ ತೆಳು ಮಾಡುವಾಗಲೂ ಪಿಪೆಟ್‌ಗೆ ಹೊಸ ಟಿಪ್ ಹಾಕಿ. ಸೀರಮ್ಮನ್ನೂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿ ದ್ರವ) ತುಂಬಾ ತೆಳು ಮಾಡಬೇಕಾಗುತ್ತದೆ. ಎಷ್ಟು ಪಟ್ಟು ಎನ್ನುವುದು ಕಿಟ್‌ಗೆ ತಕ್ಕಂತೆ ಬೇರೆ. ಪ್ರತಿ ಸ್ಯಾಂಪಲ್ಲೂ ಎರಡು ಗುಳಿಗೆ ಹೋಗಲಿ.

ಗುಳಿಯ ತಳದ ಆ್ಯಂಟಿಬಾಡಿ ಸಿಸ್ಟಾಟಿನ್ ಸಿಯನ್ನು ಹಿಡಿಯುತ್ತದೆ. ತೊಳೆದು ಎರಡನೇ ಆ್ಯಂಟಿಬಾಡಿ ಹಾಕಿ, ಮತ್ತೆ ತೊಳೆದು ಬಣ್ಣ ಬರಿಸುವ ಕಿಣ್ವ ಹಾಕಿ. ಪ್ರತಿ ಸಲ ತೊಳೆದ ಮೇಲೆ ಪ್ಲೇಟನ್ನು ಮಗುಚಿ ಟಿಶ್ಯೂ ಮೇಲೆ ಬಡಿಯಿರಿ. ತೊಳೆಯುವ ಬಫರ್‌ನಲ್ಲಿ ಸೋಡಿಯಂ ಅಜೈಡ್ ಇರಕೂಡದು, ಅದು ಕಿಣ್ವವನ್ನೇ ಕೆಡಿಸುತ್ತದೆ. ಕೊನೆಗೆ ಬಣ್ಣದ ದ್ರವ ಹಾಕಿದರೆ ನೀಲಿ ಮೂಡುತ್ತದೆ, ಆಮ್ಲ ಹಾಕಿದೊಡನೆ ಹಳದಿಗೆ ತಿರುಗುತ್ತದೆ. ತಡಮಾಡದೆ ಪ್ಲೇಟ್ ರೀಡರ್ (ಬಣ್ಣ ಅಳೆಯುವ ಯಂತ್ರ) ಬಳಸಿ 450 ನ್ಯಾನೋಮೀಟರ್‌ನಲ್ಲಿ ಓದಿ. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ರೀಡರ್ ಯುಪಿಎಸ್ ಮೇಲಿರಲಿ.

ಲೆಕ್ಕ ಸುಲಭ. 200 ಪಟ್ಟು ತೆಳು ಮಾಡಿದ ಸೀರಮ್ ಗ್ರಾಫಿನಲ್ಲಿ ಮಿಲಿಲೀಟರ್‌ಗೆ 4 ನ್ಯಾನೋಗ್ರಾಂ ತೋರಿದರೆ, ಅಸಲಿ ಮಟ್ಟ 800. ಅಂದರೆ ಲೀಟರ್‌ಗೆ 0.8 ಮಿಲಿಗ್ರಾಂ.

ಥೈರಾಯ್ಡ್ ತೊಂದರೆ, ಸ್ಟೀರಾಯ್ಡ್ ಮಾತ್ರೆ, ಉರಿಯೂತ ಇವೂ ಈ ಅಂಕಿಯನ್ನು ಬದಲಿಸುತ್ತವೆ. ಸ್ಯಾಂಪಲ್ ಪಕ್ಕ ಅದನ್ನೂ ಬರೆದಿಡಿ. ಸಂಶೋಧನೆಗೆ ಮಾತ್ರ ಎಂದು ಮುದ್ರಿಸಿದ ಕಿಟ್‌ನ ಫಲಿತಾಂಶವನ್ನು ರೋಗಿಯ ಚೀಟಿಗೆ ಏರಿಸಬೇಡಿ, ಔಷಧದ ಪ್ರಮಾಣ ಅದರ ಮೇಲೆ ನಿರ್ಧಾರವಾಗಬಾರದು.