ರಂಗನತಿಟ್ಟಿನ ದೋಣಿಯಲ್ಲಿ ಕೂತು ಬಿಳಿ ಹಕ್ಕಿಯ ಫೋಟೊ ತೆಗೆಯುವುದು ಹೇಗೆ

ರಂಗನತಿಟ್ಟಿಗೆ ಹೋಗಿ ಬಂದ ಹೊಸಬರ ಮೆಮೊರಿ ಕಾರ್ಡಿನಲ್ಲಿ ಬಹುಮಟ್ಟಿಗೆ ಒಂದೇ ತಪ್ಪು ಸಿಗುತ್ತದೆ. ಮರ, ನೀರು, ಬಂಡೆ ಎಲ್ಲ ಚೆನ್ನಾಗಿ ಬಂದಿರುತ್ತವೆ. ಹಕ್ಕಿ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗೆ, ಒಂದು ಗರಿಯೂ ಬಿಡಿಸಿ ಕಾಣದ ಹಾಗೆ. ಫೋಕಸ್ ಸರಿಯಾಗಿಯೇ ಇರುತ್ತದೆ, ಹಾದಿ ತಪ್ಪಿಸಿದ್ದು ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್.

ಮೀಟರಿಗೆ ಮುಂದಿರುವುದು ಹಕ್ಕಿಯೋ ಬಂಡೆಯೋ ಗೊತ್ತಾಗುವುದಿಲ್ಲ. ಫ್ರೇಮಿನಲ್ಲಿ ಬಿದ್ದದ್ದನ್ನೆಲ್ಲ ಸೇರಿಸಿ ಸರಾಸರಿ ನಡುಬೂದು ಬರುವಂತೆ ಬೆಳಕು ಹೊಂದಿಸುವುದಷ್ಟೇ ಅದರ ಕೆಲಸ. ಕಪ್ಪುಹಸಿರು ಪೊದೆಯ ಮುಂದೆ ಬಣ್ಣದ ಕೊಕ್ಕರೆಯೊಂದು ಸಣ್ಣದಾಗಿ ನಿಂತಿದ್ದರೆ, ಪೊದೆಯ ಕತ್ತಲು ನೋಡಿ ಮೀಟರ್ ಬೆಳಕು ಹೆಚ್ಚಿಸುತ್ತದೆ, ಕೊಕ್ಕರೆಯ ಬಿಳುಪು ಸುಟ್ಟುಹೋಗುತ್ತದೆ. ಆಗ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಮೀಟರಿನ ಲೆಕ್ಕವನ್ನು ನಾವೇ ಹೆಚ್ಚುಕಡಿಮೆ ಮಾಡುವ ಸೌಲಭ್ಯ) ಮೈನಸ್ 0.7ರಿಂದ ಮೈನಸ್ 1.3ರವರೆಗೆ ಇಳಿಸಬೇಕು. ಅದೇ ಕೊಕ್ಕರೆ ಫ್ರೇಮ್ ತುಂಬಿದ್ದರೆ ಲೆಕ್ಕ ತಿರುಗುಮುರುಗು: ಮೀಟರ್ ಬಿಳಿಯನ್ನು ಬೂದು ಮಾಡಲು ಹೊರಡುತ್ತದೆ, ಪ್ಲಸ್ 0.7 ಕೊಡಬೇಕು. ಬೆಳಗುವ ಆಕಾಶದ ಮುಂದೆ ಹಾರುತ್ತಿದ್ದರೆ ಪ್ಲಸ್ 1 ಅಥವಾ ಇನ್ನೂ ಸ್ವಲ್ಪ ಹೆಚ್ಚು.

ಕದಲುತ್ತಿರುವ ದೋಣಿಯಲ್ಲಿ ಹಕ್ಕಿಯ ಹಿಂದಿನ ಹಿನ್ನೆಲೆ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಪೊದೆ, ನೀರು, ಆಕಾಶ ಎಂದು ಪ್ರತಿ ಸಲವೂ ಡಯಲ್ ತಿರುಗಿಸುತ್ತಾ ಕೂರಲು ಆಗುವುದಿಲ್ಲ. ಹಾಗಾಗಿ ಮೀಟರಿಗೆ ಬಿಡದೆ ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನುಯಲ್ ಮೋಡೇ ಇಲ್ಲಿ ಸರಿ. ಹಿನ್ನೆಲೆ ಬದಲಾದರೂ ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗುವುದಿಲ್ಲವಲ್ಲ. ಮೋಡವಿಲ್ಲದ ದಿನ, ಬಿಸಿಲು ಚೆನ್ನಾಗಿ ಏರಿದ ಮೇಲೆ ಬಿಳಿ ಹಕ್ಕಿಗೆ ಐಎಸ್ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 400, ಎಫ್ (ಲೆನ್ಸಿನ ಕಿಂಡಿಯ ಅಳತೆ, ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) 8, ಷಟರ್ 1/3200 ಸೆಕೆಂಡ್ ಇಟ್ಟು ಶುರುಮಾಡಿ. ಎಫ್ 6.3 ಬೇಕಿದ್ದರೆ ಐಎಸ್ಒ 250ಕ್ಕೆ ಇಳಿಸಿ, ಬೆಳಕು ಅಷ್ಟೇ ಇರುತ್ತದೆ. ಬೆಳಗಿನ ಎಳೆ ಬಿಸಿಲಾದರೆ ಐಎಸ್ಒ 800.

ದೋಣಿ ಮರದ ನೆರಳಿಗೆ ತಿರುಗಿದ ಕೂಡಲೇ ಸುಮಾರು ಮೂರು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಬೆಳಕು ಬಿದ್ದುಹೋಗುತ್ತದೆ. ಅದಕ್ಕೆ ಐಎಸ್ಒ 1000, ಎಫ್ 8, ಷಟರ್ 1/1000. ಈ ಎರಡು ಜೋಡಿಗಳನ್ನೂ ಹಿಂದಿನ ರಾತ್ರಿಯೇ ಕ್ಯಾಮೆರಾದ ಮೋಡ್ ಡಯಲಿನ ಸಿ1, ಸಿ2 (ನಿಕಾನ್ ಆದರೆ ಯು1, ಯು2) ಸ್ಥಾನಗಳಲ್ಲಿ ಕೂರಿಸಿಕೊಂಡರೆ ಬಿಸಿಲಿಂದ ನೆರಳಿಗೆ ಒಂದೇ ತಿರುವು. ಆ ಸೌಲಭ್ಯ ಇಲ್ಲದ ಕ್ಯಾಮೆರಾದಲ್ಲಿ ಎರಡೂ ಜೋಡಿಯನ್ನು ಬಾಯಿಪಾಠ ಮಾಡಿಕೊಳ್ಳಿ.

ಮೊದಲ ಎರಡು ಫೋಟೊ ತೆಗೆದೊಡನೆ ಹೈಲೈಟ್ ಎಚ್ಚರಿಕೆ (ಬಿಳುಪು ಸುಟ್ಟ ಜಾಗ ಪರದೆಯ ಮೇಲೆ ಮಿಟುಕುವುದು) ನೋಡಬೇಕು. ಹಕ್ಕಿಯ ಬೆನ್ನಿನ ಮೇಲೆ ಮಿಣಮಿಣ ಮಿಟುಕುತ್ತಿದ್ದರೆ ಷಟರನ್ನು ಮೂರನೇ ಒಂದು ಸ್ಟಾಪ್ ವೇಗ ಮಾಡಿ, ಮಿಟುಕು ನಿಲ್ಲುವವರೆಗೆ. ಈ ಎಚ್ಚರಿಕೆ ಜೆಪೆಗ್ ಲೆಕ್ಕದ್ದು, ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಇಡುವ ರಾ ಫೈಲಿನಲ್ಲಿ ಇನ್ನೂ ಸ್ವಲ್ಪ ವಿವರ ಉಳಿದಿರುತ್ತದೆ. ಆದ್ದರಿಂದ ರಾ ತೆಗೆಯುವವರು ಬೆನ್ನಿನ ತುದಿಯಲ್ಲಿ ಒಂದೆರಡು ಚುಕ್ಕೆ ಮಿಟುಕಿದರೆ ಗಾಬರಿಯಾಗಬೇಕಿಲ್ಲ. ಇಡೀ ಬೆನ್ನೇ ಮಿಟುಕಿದರೆ ಯಾವ ಸಾಫ್ಟ್‌ವೇರೂ ಅದನ್ನು ವಾಪಸ್ ತರಲಾರದು.

ಲೆನ್ಸಿನ ವಿಷಯಕ್ಕೆ ಬಂದರೆ, 600 ಎಂಎಂ ಇಲ್ಲವೆಂದು ಕೊರಗಬೇಡಿ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲೇ ಪಕ್ಷಿಧಾಮವಾದ ಜಾಗ ಇದು, ಹಕ್ಕಿಗಳಿಗೆ ದೋಣಿ ರೂಢಿಯಾಗಿದೆ. ಕಾವೇರಿಗೆ ಅಡ್ಡಲಾಗಿ 17ನೇ ಶತಮಾನದಲ್ಲಿ ಕಟ್ಟಿದ ಕಟ್ಟೆಯಿಂದ ಉಂಟಾದ ಈ ತಿಟ್ಟುಗಳು ತಗ್ಗಾಗಿವೆ, ಎಷ್ಟೋ ಗೂಡುಗಳು ಕಣ್ಣಿನ ಮಟ್ಟಕ್ಕೇ ಸಿಗುತ್ತವೆ. 70-300 ಸಾಕಾಗುತ್ತದೆ, 100-400 ಇದ್ದರೆ ಇನ್ನೂ ಅನುಕೂಲ. ಟ್ರೈಪಾಡ್ ಕಾರಿನಲ್ಲೇ ಇರಲಿ. ಹುಟ್ಟಿನ ಏಟಿಗೆ ಅಲುಗುವ ಹಲಗೆಯ ಮೇಲೆ ಅದು ಅಲುಗಾಟವನ್ನು ನೇರ ಕ್ಯಾಮೆರಾಕ್ಕೆ ಸಾಗಿಸುತ್ತದೆ. ಅದೇ ಕಾರಣಕ್ಕೆ ಮೊಣಕೈಯನ್ನು ದೋಣಿಯ ಅಂಚಿಗೆ ಊರಬೇಡಿ. ಪಕ್ಕೆಗೆ ಒತ್ತಿ ಹಿಡಿಯಿರಿ, ಸೊಂಟದಿಂದ ತಿರುಗಿ. ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಅದರ ಹೊರಗೆ ಸ್ಟ್ರಾಪ್ ಹಾಕಬೇಕು, ಒಳಗೆ ಸಿಕ್ಕಿದರೆ ಕ್ಯಾಮೆರಾ ಕಣ್ಣಿಗೆ ಏರುವುದೇ ಇಲ್ಲ. ಎದ್ದು ನಿಲ್ಲುವಂತಿಲ್ಲ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳು ಈ ನೀರಿನವೇ.

ಕೂತ ಹಕ್ಕಿಗೂ ಷಟರ್ 1/1000ಕ್ಕಿಂತ ಕೆಳಗೆ ಇಳಿಸಬೇಡಿ, ಏಕೆಂದರೆ ಅಲ್ಲಾಡುವುದು ಹಕ್ಕಿಯಲ್ಲ, ನೀವು. ಕೊಕ್ಕರೆ, ಹೆಜ್ಜಾರ್ಲೆಯಂಥ ದೊಡ್ಡ ಹಕ್ಕಿ ಹಾರುವಾಗ 1/2000 ಸಾಕು. ನೀರಿಗೆ ಎರಗುವ ಮಿಂಚುಳ್ಳಿಗೆ 1/3200 ಬೇಕು. ಎರಡು ಹುಟ್ಟಿನೇಟಿನ ನಡುವೆ ದೋಣಿ ಸುಮ್ಮನೆ ಜಾರುವ ಒಂದು ಗಳಿಗೆ ಇರುತ್ತದೆ, ಐದಾರು ಫ್ರೇಮಿನ ಬರ್ಸ್ಟ್ ಆಗಲೇ ಒತ್ತಿ. ಹತ್ತಿರ ಬಂದಾಗ "ಅಣ್ಣಾ, ಒಂದ್ ನಿಮಿಷ ಹುಟ್ಟು ನಿಲ್ಸ್ತೀರಾ?" ಎಂದು ಅಂಬಿಗರನ್ನು ಕೇಳಿಕೊಂಡರೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಯಾವ ಗೂಡಿಗೆ ಮರಿ ಬಂದಿದೆ ಎಂಬುದೂ ಅವರಿಗೇ ಗೊತ್ತು. ಗೂಡಿಗೆ ಇನ್ನೂ ಹತ್ತಿರ ಬಿಡಿ ಎಂದು ಮಾತ್ರ ಒತ್ತಾಯಿಸಬಾರದು. ತಾಯಿ ಎದ್ದು ಹಾರಿದರೆ ಮೊಟ್ಟೆ ಬಿಸಿಲಿಗೂ ಕಾಗೆಗೂ ಸಿಗುತ್ತದೆ. ಒಂದು ಫೋಟೊಕ್ಕೆ ಅಷ್ಟು ಬೆಲೆ ಆ ಹಕ್ಕಿ ಕೊಡಬಾರದು.

ಫೋಕಸ್, ಚಲಿಸುವ ಹಕ್ಕಿಯನ್ನು ಬಿಡದೆ ಹಿಂಬಾಲಿಸುವ ಎಎಫ್-ಸಿ (ಕ್ಯಾನನ್‌ನಲ್ಲಿ ಸರ್ವೊ) ಇರಲಿ. ಕಣ್ಣು ಗುರುತಿಸುವ ಮಿರರ್‌ಲೆಸ್ ಕ್ಯಾಮೆರಾ ಕೂಡ ಕೊಂಬೆಗಳ ಸಿಕ್ಕಿನಲ್ಲಿ ಮೋಸ ಹೋಗುತ್ತದೆ, ಆಗ ಒಂದೇ ಫೋಕಸ್ ಪಾಯಿಂಟಿಗೆ ಇಳಿದು ಕಣ್ಣಿನ ಮೇಲಿಡಿ. ಚಿಕ್ಕ ಅಳತೆಯ ಕ್ರಾಪ್ ಸೆನ್ಸರಿನಲ್ಲಿ 400 ಎಂಎಂ, ಎಫ್ 5.6, 15 ಮೀಟರ್ ದೂರ ಎಂದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 30 ಸೆಂಟಿಮೀಟರ್ ಅಷ್ಟೇ. ಹಕ್ಕಿ ನಿಮ್ಮ ಕಡೆ ಮುಖ ಮಾಡಿದ್ದರೆ ಕಣ್ಣು ಚೂಪಾಗಿದ್ದೂ ಉದ್ದನೆ ಕೊಕ್ಕಿನ ತುದಿ ಮಸುಕಾಗುವುದು ಇದರಿಂದಲೇ. ಎಫ್ 8ಕ್ಕೆ ಅದು 45 ಸೆಂಟಿಮೀಟರ್ ಆಗುತ್ತದೆ. ಪಕ್ಕಕ್ಕೆ ತಿರುಗಿದಾಗ ತೆಗೆದರೆ ಈ ತಾಪತ್ರಯವೇ ಇಲ್ಲ.

ಹಾರುವ ಹಕ್ಕಿಯ ಹಿಂದೆ ಲೆನ್ಸ್ ಓಡಿಸಿ ಸುಸ್ತಾಗುವುದಕ್ಕಿಂತ ಗೂಡು ಕಟ್ಟುತ್ತಿರುವ ಜೋಡಿಯನ್ನು ಹುಡುಕಿ. ಕಡ್ಡಿ ತರಲು ಹೋದ ಕೊಕ್ಕರೆ ಅದೇ ಗೂಡಿಗೆ ಮತ್ತೆ ಮತ್ತೆ ಬರುತ್ತದೆ. ಗೂಡಿಗೆ ಫೋಕಸ್ ಕಟ್ಟಿ, ಫ್ರೇಮನ್ನು ಸ್ವಲ್ಪ ಸಡಿಲ ಬಿಟ್ಟು ಕಾಯಿರಿ. ಇಳಿಯುವ ಹಕ್ಕಿ ಗಾಳಿಗೆ ಎದುರಾಗಿಯೇ ಇಳಿಯುವುದು. ಗಾಳಿಯೂ ಬಿಸಿಲೂ ನಿಮ್ಮ ಬೆನ್ನ ಕಡೆಯಿಂದ ಬಂದರೆ ರೆಕ್ಕೆ ಅರಳಿಸಿ, ಕಾಲು ಇಳಿಬಿಟ್ಟು, ಮುಖದ ತುಂಬ ಬೆಳಕು ಹೊತ್ತು ನಿಮ್ಮ ಕಡೆಗೇ ಬರುತ್ತದೆ. ಬಾಲದ ಬಳಿಯ ಗುಲಾಬಿ ಗರಿಗಳೂ ಒಂದೊಂದಾಗಿ ಕಾಣುತ್ತವೆ.

ಗೂಡಿನ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ. ಬೇಸಿಗೆಯಲ್ಲಿ ಬಂಡೆ ಕಾದ ಮೇಲೆ ನೀರಿನ ಮೇಲಿನ ಗಾಳಿ ನಡುಗುತ್ತದೆ, ದೂರದ ಹಕ್ಕಿ ಎಂಥ ಲೆನ್ಸಿಗೂ ಮೆತ್ತಗೇ ಬರುತ್ತದೆ, ಆದ್ದರಿಂದ ಬೆಳಗಿನ ಮೊದಲ ದೋಣಿ ಹಿಡಿಯಿರಿ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಂತುಹೋಗುತ್ತದೆ, ವಿಚಾರಿಸಿಕೊಂಡೇ ಹೊರಡಿ. ದೋಣಿಗೆ ಮುಂಚೆ ಕೈ ಪಳಗಬೇಕಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಒಳ್ಳೆಯದು. ಊರೊಳಗಿನ ಹುಣಸೆಮರಗಳ ಮೇಲೇ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ, ಕಾಲ ಕೆಳಗೆ ಗಟ್ಟಿ ನೆಲ, ತಲೆಯ ಮೇಲೆ ಬರೀ ಆಕಾಶ.

ದಡಕ್ಕೆ ಬಂದು ನೆರಳಿನಲ್ಲಿ ಕೂತು ಒಂದು ಫೋಟೊ ತೆರೆದು, ಪೂರ್ತಿ ಹಿಗ್ಗಿಸಿ ಕೊಕ್ಕರೆಯ ಕುತ್ತಿಗೆಯ ಬುಡ ನೋಡಿ. ಅಲ್ಲಿ ಗರಿಯ ಎಳೆ ಎಣಿಸುವಂತಿದ್ದರೆ ಇದೇ ಅಳತೆ ಇರಲಿ. ಬರೀ ಬಿಳಿ ಕಂಡರೆ ಷಟರ್ ಇನ್ನೊಂದು ಹೆಜ್ಜೆ ಏರಿಸಿ ಮುಂದಿನ ದೋಣಿಗೆ ಟಿಕೆಟ್ ತೆಗೆದುಕೊಳ್ಳಿ.