ಗೋಂದು ಬೇಡ, ಅಂಟು ಹಾಳೆ ಸಾಕು
ಪುಟ್ಟ ಮಕ್ಕಳ ಕೈಲಿ ಹಬ್ಬದ ಅಲಂಕಾರ ಮಾಡಿಸುವಾಗ ಗೋಂದು ಕೊಡಲೇಬೇಡಿ. ಪುಸ್ತಕಕ್ಕೆ ಹಾಕುವ ಪಾರದರ್ಶಕ ಅಂಟು ಹಾಳೆಯನ್ನು ಅಂಟಿನ ಬದಿ ನಮ್ಮ ಕಡೆ ಇರುವಂತೆ ಕಿಟಕಿ ಗಾಜಿಗೆ ಹಿಡಿದು, ನಾಲ್ಕೂ ಅಂಚಿಗೆ ಟೇಪ್ ಹಾಕಿ. ಎತ್ತರ ಮಗುವಿನ ಎದೆಮಟ್ಟಕ್ಕಿರಲಿ. ಕಪ್ಪು ಕಾಗದದಲ್ಲಿ ನಕ್ಷತ್ರದ ಅಂಚು ಕತ್ತರಿಸಿ ಅಂಟಿಸಿ. ಒಳಗೆ ಬಣ್ಣದ ಟಿಶ್ಯೂ ಚೂರು ತುಂಬುವುದು ಮಗುವಿನ ಕೆಲಸ. 2 ವರ್ಷದ ಕೈಗೆ ಗೋಂದಿನ ಹದ ಎಲ್ಲಿ ಸಿಗುತ್ತದೆ? ಇಲ್ಲಿ ಸುಮ್ನೆ ಮುಟ್ಟಿಸಿದರೆ ಸಾಕು, ಅಂಟುತ್ತದೆ. ಟಿಶ್ಯೂ ತೆಳು, ಹಾಗಾಗಿ ಬಿಸಿಲು ಬಿದ್ದಾಗ ಬಣ್ಣ ಹೊಳೆಯುತ್ತದೆ. ಕೈ ಒದ್ದೆಯಿದ್ದರೆ ಅಥವಾ ಮಿನುಗು ಪುಡಿ ಸುರಿದರೆ ಮಾತ್ರ ಅಂಟು ಕೆಟ್ಟಿತು ಅಂತಲೇ. 3 ವರ್ಷದೊಳಗಿನವರಿಗೆ ಮಣಿ, ಗುಂಡಿ ಕೊಡಬೇಡಿ. ಹಾಳೆಗಿಂತ ಮೊದಲು ಬಾಯಿಗೇ ಹೋಗುತ್ತವೆ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.